ಕೊರಳಲ್ಲಿ ಹಲಗೆ, ಮುಂದೆ ಬಾವಿ

ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಆಡುವ ಮಕ್ಕಳನ್ನು ಕಂಡರೆ ಇಂದಿಗೂ ನನ್ನ ಅಂಗಾಲು ತಣ್ಣಗಾಗುತ್ತದೆ. ಹತ್ತಿರದಲ್ಲಿ ಬಾವಿ ಇದೆಯೇ ಎಂದು ಮೊದಲು ನೋಡುತ್ತೇನೆ. ಇಲ್ಲದಿದ್ದರೂ ಇನ್ನೊಮ್ಮೆ ನೋಡುತ್ತೇನೆ.

ಧಾರವಾಡದಲ್ಲಿ ಬಿ.ಎ. ಮುಗಿಸಿ ತಿಕೋಟೆಯ ಸಣ್ಣ ಇಂಗ್ಲಿಷ್ ಶಾಲೆಯೊಂದಕ್ಕೆ ಮಾಸ್ತರನಾಗಿ ಸೇರಿದಾಗ ಸ್ವಾತಂತ್ರ್ಯ ಬರಲು ಇನ್ನೂ ಎರಡು-ಮೂರು ವರ್ಷವಿತ್ತು. ನನ್ನೂರು ಬಬಲೇಶ್ವರ. ಶಾಲೆ ನಡೆಯುತ್ತಿದ್ದುದು ಒಂದು ಹಳೆಯ ವಾಡೆಯಲ್ಲಿ. ಹಿತ್ತಲಿನಲ್ಲಿ ಬೇವಿನ ಮರ, ಅದರಾಚೆ ಬಾವಿ. ಬಾವಿಯ ಕಟ್ಟೆ ಮೂರು ಕಡೆ ಗಟ್ಟಿಯಾಗಿತ್ತು. ಮರದ ಕಡೆಯದು ಎಂದೋ ಕುಸಿದು ನೆಲಸಮವಾಗಿತ್ತು.

ನನ್ನ ಹುಡುಗರು ಇಂಗ್ಲಿಷ್ ಪಾಠವನ್ನು ಕಣ್ಣು ಮುಚ್ಚಿ ಒಪ್ಪಿಸುತ್ತಿದ್ದರು. ಆದರೆ ನಿನ್ನ ಊರು ಯಾವುದು ಎಂದು ಇಂಗ್ಲಿಷಿನಲ್ಲಿ ಕೇಳಿದರೆ ತಮ್ಮ ಪಾದ ನೋಡಿಕೊಳ್ಳುತ್ತಿದ್ದರು. ಅದಕ್ಕೇ ಆಟಗಳನ್ನು ಶುರು ಮಾಡಿದೆ. ಒಬ್ಬ ಡಾಕ್ಟರಾಗಿ ಕೂತರೆ ಉಳಿದವರು ತಮ್ಮ ಬೇನೆಯನ್ನು ಇಂಗ್ಲಿಷಿನಲ್ಲಿ ಹೇಳಬೇಕು. ಡಾಕ್ಟರಾದವನು ತಲೆನೋವಿಗೂ ಕಾಲುನೋವಿಗೂ ಕ್ಯಾಸ್ಟರ್ ಆಯಿಲ್ ಬರೆದುಕೊಟ್ಟ. ತರಗತಿ ನಕ್ಕಿತು. ನಗುತ್ತ ನಗುತ್ತ ಮಾತನಾಡಿತು.

ಶಾಲೆಯಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ವಿಜಾಪುರದಿಂದ ಬಂದಿದ್ದ ಹೆಡ್‌ಮಾಸ್ತರರು ಅದನ್ನು ತಂದಿದ್ದರು. ಅಂಗೈ ಅಗಲದ ಒಂದು ಹಲಗೆ, ಅದಕ್ಕೊಂದು ಹುರಿ. ಇಂಗ್ಲಿಷ್ ತಾಸಿನಲ್ಲಿ ಕನ್ನಡ ಆಡಿದವನ ಕೊರಳಿಗೆ ಅದು ಬೀಳುತ್ತಿತ್ತು. ಕನ್ನಡ ಆಡಿದ ಇನ್ನೊಬ್ಬನನ್ನು ಹಿಡಿದುಕೊಡುವವರೆಗೂ ಅವನಿಗೆ ಬಿಡುಗಡೆಯಿಲ್ಲ. ಶನಿವಾರ ಶಾಲೆ ಬಿಡುವಾಗ ಹಲಗೆ ಯಾರ ಕೊರಳಲ್ಲಿರುತ್ತದೋ ಅವನಿಗೆ ಎಲ್ಲರೆದುರು ಬೆತ್ತದ ಏಟು. ಹಲಗೆಯ ಮೇಲೆ ಏನೂ ಬರೆದಿರಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. ನನಗೆ ಅದು ಹಿಡಿಸಿರಲಿಲ್ಲ. ಆದರೂ ಸುಮ್ಮನಿದ್ದೆ. ನೌಕರಿ ಹೊಸದು ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಆ ವಾರ ಹಲಗೆ ಘೋಣಸಗಿಯ ಒಬ್ಬ ಪಿಂಜಾರರ ಹುಡುಗನ ಕೊರಳಲ್ಲಿತ್ತು. ಮಂಗಳವಾರದಿಂದ ಶುಕ್ರವಾರದವರೆಗೂ ಅಲ್ಲೇ ಇತ್ತು. ಅವನ ಕಿವಿಯ ಬಳಿಯೇ ಹುಡುಗರು ಕನ್ನಡದಲ್ಲಿ ಪಿಸುಗುಟ್ಟಿದರೂ ಅವನು ಕಿಟಕಿಯ ಕಡೆ ನೋಡುತ್ತಿದ್ದ.

"ಯಾಕೋ, ಯಾರನ್ನೂ ಹಿಡಿಯವಲ್ಲಿ?" ಎಂದು ಕೇಳಿದೆ.

"ನಾ ಹಿಡದ್ರ ಅವ ನಾಳೆ ಇನ್ನೊಬ್ಬನ್ನ ಹಿಡೀತಾನ್ರಿ. ಇರ್ಲಿ ಬಿಡ್ರಿ ಸರ್, ನನಗೇನ ಭಾರ ಆಗಿಲ್ಲ."

ಶುಕ್ರವಾರ ಎಲ್ಲರನ್ನೂ ಹಿತ್ತಲಿಗೆ ಕರೆದುಕೊಂಡು ಹೋದೆ. ಕಳ್ಳಕವಟಗಿಯ ಹುಡುಗನೊಬ್ಬನ ಕಣ್ಣಿಗೆ ರುಮಾಲಿನ ಬಟ್ಟೆ ಕಟ್ಟಿದೆ. ತಿಕೋಟೆಯ ವ್ಯಾಪಾರಿಯೊಬ್ಬರ ಮಗ, ತರಗತಿಗೇ ಮೊದಲಿಗ, ದೂರ ನಿಂತು ಇಂಗ್ಲಿಷಿನಲ್ಲಿ ದಾರಿ ಹೇಳಬೇಕು. ಬೇವಿನ ಬುಡದಿಂದ ಹೊರಟು ಗೋಡೆಯ ಬಳಿ ಇಟ್ಟಿದ್ದ ಗಡಿಗೆಯನ್ನು ಮುಟ್ಟಿದರೆ ಗೆದ್ದಂತೆ. ಬಾವಿ ಇದ್ದುದು ಇನ್ನೊಂದು ದಿಕ್ಕಿಗೆ. ಅಷ್ಟು ಸಾಕು ಎಂದು ನಾನು ಅಂದುಕೊಂಡೆ. ಇದು ನನ್ನ ತಪ್ಪು. ಅದನ್ನು ಬೇರೆ ಯಾರ ತಲೆಗೂ ಕಟ್ಟುವುದಿಲ್ಲ.

"ಫೋರ್ ಸ್ಟೆಪ್ಸ್ ಫಾರ್ವರ್ಡ್" ಎಂದ ವ್ಯಾಪಾರಿಯ ಮಗ. ನಾಲ್ಕು ಹೆಜ್ಜೆ ಬಿದ್ದವು. "ಟರ್ನ್ ಲೆಫ್ಟ್" ಎಂದ. ಕಣ್ಣು ಕಟ್ಟಿಕೊಂಡವನು ಎಡಕ್ಕೇ ತಿರುಗಿದ, ಆದರೆ ಹುಮ್ಮಸ್ಸಿನಲ್ಲಿ ಅರ್ಧ ಸುತ್ತು ಸುತ್ತಿಬಿಟ್ಟ. ಹುಡುಗರು ಚಪ್ಪಾಳೆ ತಟ್ಟಿದ್ದೇ ತಡ, ಸರಿಯಾಗಿದ್ದೇನೆ ಎಂದು ದೊಡ್ಡ ದೊಡ್ಡ ಹೆಜ್ಜೆ ಹಾಕಿದ. ಕಟ್ಟೆ ಕುಸಿದಿದ್ದ ಕಡೆಗೆ.

ಚಪ್ಪಾಳೆ ನಿಂತಿತು. ವ್ಯಾಪಾರಿಯ ಮಗನ ಬಾಯಿ ತೆರೆದೇ ಇತ್ತು, ದನಿ ಇರಲಿಲ್ಲ. ಹೆದರಿಕೆಗೆ ಅವನ ಇಂಗ್ಲಿಷ್ ಎಲ್ಲ ಅಳಿಸಿಹೋಗಿತ್ತು. ಕನ್ನಡ ಅವನ ನಾಲಗೆಯ ಮೇಲೇ ಇತ್ತು, ಆದರೆ ಮರುದಿನ ಶನಿವಾರ. ಉಳಿದ ಹುಡುಗರೂ ತುಟಿ ಬಿಗಿಹಿಡಿದು ನಿಂತಿದ್ದರು. ನಾನು? ಬಿ.ಎ. ಓದಿದ ನಾನು ಬೇವಿನ ಮರವನ್ನು ಹಿಡಿದು ನಿಂತಿದ್ದೆ. ಸ್ಟಾಪ್ ಎನ್ನಲೂ ಬರಲಿಲ್ಲ, ನಿಲ್ಲು ಎನ್ನಲೂ ಬರಲಿಲ್ಲ. ಒಂದು ಹೆಜ್ಜೆ. ಇನ್ನೊಂದು ಹೆಜ್ಜೆ. ಅವನ್ನು ಈಗಲೂ ಎಣಿಸುತ್ತಿರುತ್ತೇನೆ.

"ಲೇ ನಿಂದ್ರಲೇ! ಮುಂದ ಬಾವಿ ಐತಿ! ನಿಂದ್ರು!"

ಪಿಂಜಾರರ ಹುಡುಗ. ಹಲಗೆ ಆಗಲೇ ಕೊರಳಲ್ಲಿದ್ದುದರಿಂದ ಅಷ್ಟು ಜನರಲ್ಲಿ ಬಾಯಿ ಬಿಡುವ ಸ್ವಾತಂತ್ರ್ಯ ಇದ್ದವನು ಅವನೊಬ್ಬನೇ.

ಕಣ್ಣು ಕಟ್ಟಿದವನು ಒಂದು ಕಾಲು ಎತ್ತಿಕೊಂಡೇ ನಿಂತ. ಅವನ ಇನ್ನೊಂದು ಪಾದದಡಿಯ ಹೆಂಟೆ ಜಾರಿ ಬಿತ್ತು. ನೀರಿನ ಸದ್ದು ಬಹಳ ಹೊತ್ತಿನ ಮೇಲೆ ಬಂದಂತೆ ನನಗೆ ಕೇಳಿಸಿತು. ಅಷ್ಟರಲ್ಲಿ ಪಿಂಜಾರರ ಹುಡುಗ ಓಡಿ ಹೋಗಿ ಅವನ ಅಂಗಿ ಹಿಡಿದು ಹಿಂದಕ್ಕೆ ಎಳೆದಿದ್ದ. ಇಬ್ಬರೂ ಮಣ್ಣಿನಲ್ಲಿ ಬಿದ್ದರು.

ಕೂಗು ಕೇಳಿ ಹೆಡ್‌ಮಾಸ್ತರರು ಬೆತ್ತ ಹಿಡಿದೇ ಬಂದರು. "ಇಂಗ್ಲಿಷ್ ತಾಸಿನ್ಯಾಗ ಕನ್ನಡದಾಗ ಒದರಿದಂವ ಯಾವಂವಲೇ?"

"ನಾ ರೀ ಸರ್," ಎಂದ ಹುಡುಗ ಮಣ್ಣು ಝಾಡಿಸಿಕೊಳ್ಳುತ್ತ. "ಹಲಗಿ ಕೊಳ್ಳಾಗ ಐತ್ರಿ. ಇನ್ನೊಂದ ಇದ್ರ ಹಾಕ್ರಿ."

"ಎದುರು ಮಾತಾಡ್ತಿ? ಕೈ ಮುಂದ ಮಾಡು!"

ಆಗ ನನ್ನ ದನಿ ನನಗೆ ಮರಳಿ ಬಂತು. ಹುಡುಗನ ಕೊರಳಿನಿಂದ ಹುರಿ ತೆಗೆದೆ. "ಸರ್, ನೀವೂ ಈಗ ಕನ್ನಡದಾಗನ ಒದರಿದ್ರಿ. ಹಲಗಿ ನಿಮ್ಮ ಕೊಳ್ಳಿಗೆ ಬರಬೇಕು. ನೀವು ಹಿರ್ಯಾರು, ಅದಕ್ಕ ನಾ ಹಾಕ್ಕೋತೀನ್ರಿ." ಹಾಕಿಕೊಂಡೆ. ಹುಡುಗರನ್ನು ಒಳಗೆ ಕಳಿಸಿದೆ.

ಸಂಜೆ ಅದನ್ನು ಹಾಕಿಕೊಂಡೇ ಪೇಟೆಯಲ್ಲಿ ನಡೆದೆ. ಎಲೆ ಮಾರುವ ಮುದುಕಿ ನಗುತ್ತ ಕೂಗಿದಳು: "ಯಪ್ಪಾ ಮಾಸ್ತರ, ತುಡುಗು ದನದ ಕೊಳ್ಳಿಗೆ ಕಟ್ಟೂದು ನೀ ಯಾಕ ಕಟಗೊಂಡಿ?"

"ದನಕ್ಕಲ್ಲ ಬೇ, ನಿಮ್ಮ ಹುಡುಗರಿಗೆ ಕಟ್ಟಾಕತ್ತಿದ್ವಿ" ಎಂದೆ. ಅವಳ ನಗು ನಿಂತಿತು. ಶನಿವಾರ ಬೆಳಗಾಗುವಷ್ಟರಲ್ಲಿ ಊರಿಗೆಲ್ಲ ಸುದ್ದಿಯಾಗಿತ್ತು.

ಶನಿವಾರ ಶಾಲೆ ಬಿಡುವ ಹೊತ್ತಿಗೆ ಅಂಗಳದಲ್ಲಿ ಹೋಗಿ ನಿಂತು ಕೈ ಚಾಚಿದೆ. "ವಾರ ಮುಗೀತ್ರಿ. ಹಲಗಿ ನನ್ನ ಕೊಳ್ಳಾಗ ಐತಿ. ಹೊಡೀರಿ."

ಹೆಡ್‌ಮಾಸ್ತರರು ನನ್ನನ್ನು ನೋಡಿದರು, ಹುಡುಗರನ್ನು ನೋಡಿದರು, ಗೇಟಿನ ಆಚೆ ನಿಂತಿದ್ದ ನಾಲ್ಕಾರು ಜನ ತಂದೆಯರನ್ನೂ ನೋಡಿದರು. "ಇನ್ಸ್‌ಪೆಕ್ಟರ್ ಬಂದಾಗ ಇವರ ಬಾಯಾಗ ಇಂಗ್ಲಿಷ್ ಬರದಿದ್ರ ನಿಮ್ಮ ನೌಕರಿ ಉಳಿಯೂದಿಲ್ಲ."

"ಬರತೈತ್ರಿ. ಹಲಗಿ ಇಲ್ದನ ಬರತೈತಿ."

ಅವರು ಬೆತ್ತ ಎತ್ತಲಿಲ್ಲ. ಒಳಗೆ ಹೋದರು.

ಸೋಮವಾರ ಮುಂದಿನ ಅಂಗಳದಲ್ಲಿ ಅದೇ ಆಟ ಆಡಿಸಿದೆ. ನನ್ನ ಕಣ್ಣಿಗೇ ಬಟ್ಟೆ ಕಟ್ಟಿ ಎಂದು ಮುಂದೆ ಬಂದವನು ಕಳ್ಳಕವಟಗಿಯ ಅದೇ ಹುಡುಗ. ದಾರಿ ಹೇಳಲು ಪಿಂಜಾರರ ಹುಡುಗನನ್ನೇ ಬೇಡಿದ. ಅವನ ಇಂಗ್ಲಿಷ್ ಕುಂಟುತ್ತಿತ್ತು, ನಡುನಡುವೆ "ಹುಷಾರ್ಲೇ" ಎನ್ನುತ್ತಿದ್ದ. ಯಾರೂ ಕತ್ತೆತ್ತಿ ಹಲಗೆ ಹುಡುಕಲಿಲ್ಲ.

ಅದಾದ ಮೇಲೂ ನಾನು ಜೀವಮಾನವಿಡೀ ಇಂಗ್ಲಿಷನ್ನೇ ಕಲಿಸಿದೆ. ಹೆದರಿಸದೆ ಕಲಿಸಿದೆ. ಹಲಗೆ ಇವತ್ತಿಗೂ ನನ್ನ ಬಳಿಯಿದೆ. ಇನ್ನೊಬ್ಬನನ್ನು ಹಿಡಿದುಕೊಟ್ಟರೆ ಮಾತ್ರ ಅದು ಕೊರಳು ಬಿಡಬೇಕಲ್ಲ. ನಾನು ಯಾರನ್ನೂ ಹಿಡಿದುಕೊಡಲಿಲ್ಲ.