‘ಸಾಧ್ಯತೆ’ ಎಂಬ ಹಾಳು ಪದ

ನಮ್ಮ ಗೈಡ್ ಮೇಡಂ ಅವರ ಬಲಗೈ ಬೆರಳ ತುದಿಗಳು ಸದಾ ಹಳದಿ. ಗಾಂಧಿ ಬಜಾರಿನಲ್ಲಿ ಹೂ ಮಾರುವಾಕೆ, “ಏನ್ ಮೇಡಂ, ಇವತ್ತೂ ಮನೇಲಿ ಪೂಜೆನಾ?” ಎಂದು ಕೇಳುತ್ತಿದ್ದಳು. ಅದು ಅರಿಶಿನವಲ್ಲ, ನೈಟ್ರಿಕ್ ಆಸಿಡ್ಡಿನ ಕಲೆ. “ಹೂಂ ಕಣಮ್ಮ, ದಿನಾ ಪೂಜೆ” ಎಂದು ಮೇಡಂ ಒಂದು ಮೊಳ ಕಾಕಡ ಮುಡಿದು ಲ್ಯಾಬಿಗೆ ಬರುತ್ತಿದ್ದರು. ನಮಗೆಲ್ಲ ಬೈದು ಗ್ಲೌಸ್ ಹಾಕಿಸುವರು, ತಾವು ಮಾತ್ರ ಹಾಕಿಕೊಳ್ಳರು.

ನಾನು ಪಿಎಚ್.ಡಿ. ಮಾಡಿದ್ದು ಅವರ ಬಳಿ. ಇಂಗಾಲದ ಉಂಗುರದಲ್ಲಿ ಅಲ್ಲಲ್ಲಿ ಸಾರಜನಕ ಕೂತಿರುವ ಸಂಯುಕ್ತಗಳನ್ನು ತಯಾರಿಸಿ, ಅವು ರೋಗಾಣುಗಳನ್ನು ಕೊಲ್ಲುತ್ತವೆಯೇ ಎಂದು ನೋಡುವ ಕೆಲಸ. ಹೊಟ್ಟೆಹುಳದ ಮಾತ್ರೆಯೊಳಗೂ ಅಂಥದೇ ಉಂಗುರವಿದೆ. ಕೇಳಲು ಚೆಂದ, ಮಾಡಲು ಹೋದರೆ ಫ್ಲಾಸ್ಕಿನ ತಳದಲ್ಲಿ ಡಾಂಬರು. ಅದರಿಂದ ಹೇಗೋ ಒಂದು ಚಿಟಿಕೆ ಪುಡಿ ತೆಗೆದರೆ ಮೇಡಂ ಕಾಯಿಸಿ ನೋಡುವರು.

“ಕರಗಿದ್ರೆ ಒಂದೇ ಸಲ ಕರಗ್ಬೇಕು ಕಣಮ್ಮ. ಇದು ಅಳ್ತಾ ಅಳ್ತಾ ಕರಗ್ತಿದೆ. ಕಲ್ಮಶ ಇದೆ, ಮತ್ತೆ ಹರಳು ಮಾಡು.”

ಆ ‘ಮತ್ತೆ’ ಕೇಳಿ ಕೇಳಿ ನನ್ನ ತಲೆ ಕೆಟ್ಟುಹೋಗಿತ್ತು.

ಕೊನೆಗೂ ಒಂದು ಬಿಳಿ ಹರಳು ಶುದ್ಧವಾಗಿ ಬಂತು. ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನಡುವೆ ಅದನ್ನಿಟ್ಟರೆ, ಅದರ ಸುತ್ತ ಇದ್ದವು ಸತ್ತಿದ್ದವು. ಪ್ರಬಂಧದಲ್ಲಿ ‘ಹೊಸ ಔಷಧ’ ಎಂದು ಬರೆದೆ. ಮೇಡಂ ಅದನ್ನು ಹೊಡೆದುಹಾಕಿ ‘ಔಷಧವಾಗುವ ಸಾಧ್ಯತೆ’ ಎಂದು ತಿದ್ದಿದರು.

“ಸತ್ತಿದಾವಲ್ಲ ಮೇಡಂ?”

“ಫಿನಾಯಿಲ್ ಹಾಕಿದ್ರೂ ಸಾಯ್ತವೆ. ಮನುಷ್ಯ ಉಳೀಬೇಕಲ್ಲ?”

ಅದನ್ನು ಪರೀಕ್ಷಿಸುವ ಅನುಕೂಲ ನಮ್ಮಲ್ಲಿರಲಿಲ್ಲ. ಮೇಡಂ ಔಷಧ ಕಂಪನಿಗಳ ಬಾಗಿಲು ತಟ್ಟಿದರು. ಎಲ್ಲರೂ “ನೋಡೋಣ” ಎಂದರು, ಯಾರೂ ನೋಡಲಿಲ್ಲ. ನನಗೆ ಡಾಕ್ಟರೇಟ್ ಬಂತು, ಹರಳು ಶೀಶೆಯಲ್ಲೇ ಉಳಿಯಿತು.

ಹೋದ ವರ್ಷ ಮೇಡಂಗೆ ಸೋಂಕು ತಗುಲಿ ರಕ್ತಕ್ಕೇರಿತು. ಯಾವ ಆಂಟಿಬಯಾಟಿಕ್ಕಿಗೂ ಬಗ್ಗಲಿಲ್ಲ. ಆಸ್ಪತ್ರೆಯಲ್ಲಿ ಅವರ ಕೈ ಹಿಡಿದು ಕೂತಿದ್ದೆ. ಲ್ಯಾಬ್ ಬಿಟ್ಟ ಮೇಲೆ ಬೆರಳಿನ ಹಳದಿ ಮಾಸಿಹೋಗಿತ್ತು. ರಸಾಯನಶಾಸ್ತ್ರ ಓದಿದವಳು ಆಡಬಾರದ ಮಾತು ನನ್ನ ಬಾಯಿಂದ ಬಂತು.

“ನಮ್ಮ ಹರಳು ಇದೆಯಲ್ಲ ಮೇಡಂ...”

ಅವರು ನಕ್ಕರು. “ಸಾಧ್ಯತೇನ ಡ್ರಿಪ್‌ಗೆ ಹಾಕಕ್ಕಾಗಲ್ಲ ಕಣಮ್ಮ.”

ಆ ವಾರವೇ ಹೋಗಿಬಿಟ್ಟರು.

ಈಗ ನನ್ನ ವಿದ್ಯಾರ್ಥಿನಿ ‘ಔಷಧ’ ಎಂದು ಬರೆದು ತಂದರೆ ಹೊಡೆದುಹಾಕುವವಳು ನಾನು. ಅವಳು ಮುಖ ಊದಿಸಿಕೊಳ್ಳುತ್ತಾಳೆ. ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ, ಗೊತ್ತು. ಆದರೂ ‘ಸಾಧ್ಯತೆ’ ಎಂಬ ಆ ಪದ ಬರೆಯುವಾಗಲೆಲ್ಲ ಅಳು ಬರುವಷ್ಟು ಸಿಟ್ಟು ಬರುತ್ತದೆ. ಅವರಿರುವಾಗಲೇ ಒಂದು ಸಾಧ್ಯತೆಯಾದರೂ ಔಷಧವಾಗಬಾರದಿತ್ತೇ?