ನಾವು ಕೇಳಿದ ಸ್ಯಾಂಪಲ್

ಮೀನಿನ ವಾಸನೆಗೆ ಮೂಗು ಮುಚ್ಚಿಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಹೇಸಿಗೆ ಅಂದರೆ ಏನೆಂದು ಅವರಿಗೆ ಗೊತ್ತಿಲ್ಲ. ನನಗದು ಗೊತ್ತಾದದ್ದು ನಿವೃತ್ತಿಯಾದ ಮೇಲೆ, ಒಂದು ವೆಬ್‌ಸೈಟ್ ಮಾಡಿಸಲು ಹೋಗಿ.

ಅಂಕೋಲೆಯಲ್ಲಿ ಒಣಮೀನು ಮಾರುವ ಹೆಂಗಸರದ್ದೊಂದು ಸಂಘವಿದೆ. ನನ್ನನ್ನು ಹೆತ್ತ ಆಯಿಯೂ ಮೀನಿನ ಬುಟ್ಟಿ ಹೊತ್ತವಳೇ. ನಾನು ಹೈಸ್ಕೂಲಿನಲ್ಲಿ ಕಲಿಸಿದವಳು, ನಾಲ್ಕಕ್ಷರ ಬಲ್ಲವಳು ಎಂದು ನನ್ನನ್ನು ಕಾರ್ಯದರ್ಶಿ ಮಾಡಿದ್ದರು. ಮುಂಬಯಿ, ಪುಣೆಯ ಗಿರಾಕಿಗಳಿಗೆ ನೇರವಾಗಿ ಮಾರಲು ವೆಬ್‌ಸೈಟ್ ಬೇಕೆಂದಾಯಿತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಾರವಾರದ ಹತ್ತಿರ ಬಿಣಗಾದ ತನ್ನ ಮನೆಯಲ್ಲೇ ಕೂತು ಯುಎಕ್ಸ್ ಡಿಸೈನರ್ ಕೆಲಸ ಶುರುಮಾಡಿದ್ದಳು. ವೆಬ್‌ಸೈಟಿಗೆ ಬಂದವರು ಏನು ಹುಡುಕುತ್ತಾರೆ, ಎಲ್ಲಿ ತಡವರಿಸುತ್ತಾರೆ ಎಂದು ಮೊದಲೇ ತಿಳಿದು ಪುಟಗಳನ್ನು ಜೋಡಿಸುವ ಕೆಲಸ ಅದು. ಅಲ್ಲಿಯವರೆಗೆ ಅವಳಿಗೆ ಹೇಳಿಕೊಳ್ಳುವಂಥದ್ದು ಒಂದೂ ಸಿಕ್ಕಿರಲಿಲ್ಲ. ಇದೊಂದು ಆದರೆ ಇದನ್ನು ತೋರಿಸಿ ಮುಂದಿನದನ್ನು ಹಿಡಿಯುತ್ತೇನೆ ಎಂದಳು.

ಮೊದಲು ಸ್ಯಾಂಪಲ್ ನೋಡೋಣ ಎಂದರು ಅಧ್ಯಕ್ಷೆ. ನಾನೂ ಹೌದೆಂದು ತಲೆಯಾಡಿಸಿದೆ.

ಹುಡುಗಿ ಮೂರು ದಿನ ಮೀನುಪೇಟೆಯಲ್ಲಿ ಹೆಂಗಸರ ಪಕ್ಕ ಗೋಣಿಚೀಲದ ಮೇಲೆ ಕೂತಳು. ಗಿರಾಕಿಗಳು ದರಕ್ಕಿಂತ ಮೊದಲು ಏನು ಕೇಳುತ್ತಾರೆಂದು ಬರೆದುಕೊಂಡಳು. ಎಷ್ಟು ಬಿಸಿಲು ಕಂಡಿದೆ, ಉಪ್ಪು ಹಾಕಿದ್ದೋ ಹಾಕದ್ದೋ, ಮರಳು ಸೇರಿದೆಯೋ. ಹುಟ್ಟಿದಾಗಿನಿಂದ ನನ್ನ ಕಿವಿಗೆ ಬಿದ್ದ ಮಾತುಗಳೇ, ನನಗೆ ಮಾತ್ರ ಹೊಳೆದಿರಲಿಲ್ಲ. ಅವಳು ಮಾಡಿ ತಂದ ಪುಟದಲ್ಲಿ ಒಣ ಬಂಗಡೆಯ ಚಿತ್ರ ಒತ್ತಿದರೆ ಮೊದಲು ಎಷ್ಟು ಬಿಸಿಲು ಎಂದು ಬರುತ್ತಿತ್ತು. ಒಣ ಶೆಟ್ಲಿ, ಅಂದರೆ ಸಿಗಡಿ, ಒತ್ತಿದರೆ ಚಾಪೆಯ ಮೇಲೆ ಒಣಗಿಸಿದ್ದು, ಮರಳಿಲ್ಲ ಎಂದು. ಹೆಂಗಸರು ಅವಳ ಮೊಬೈಲು ಕಸಿದುಕೊಂಡು ನೋಡಿದರು.

ಮರುವಾರ ಅಧ್ಯಕ್ಷೆ ನನ್ನನ್ನು ಮನೆಗೆ ಕರೆದರು. ಕಾರವಾರದಲ್ಲಿ ಲಗ್ನಪತ್ರಿಕೆ, ಬ್ಯಾನರು ಮಾಡುವ ಅವರ ಸೋದರಳಿಯ ಕುರ್ಚಿಯಲ್ಲಿ ಕೂತಿದ್ದ.

"ಚಿತ್ರ ಎಲ್ಲ ಬಂದೇ ಬಂತಲ್ಲ ಅಕ್ಕೋರೆ. ಇನ್ನು ನಮ್ಮ ಹುಡ್ಗನೇ ಮಾಡ್ತ. ಹೊರಗಿನೋರು ಎಂತಕ್ಕೆ?"

ಒಣಮೀನಿನ ವ್ಯಾಪಾರದಲ್ಲಿ ಒಂದು ಬಂಗಡೆ ಮುರಿದು ಮೂಸಿ ನೋಡಿದರೆ ಯಾರೂ ದುಡ್ಡು ಕೇಳುವುದಿಲ್ಲ. ಹುಡುಗಿಯ ಕೆಲಸವನ್ನೂ ಹಾಗೇ ಮೂಸಿದೆವು. ಮೂಸಿದ ಮೇಲೆ ಬುಟ್ಟಿಯನ್ನೇ ಎತ್ತಿಕೊಂಡೆವು. ಅವಳು ನನಗೆ ಕಳಿಸಿದ್ದ ಪುಟಗಳನ್ನೆಲ್ಲ ನನ್ನ ಮೊಬೈಲಿನಿಂದಲೇ ಆ ಸೋದರಳಿಯನಿಗೆ ಕಳಿಸಿದೆ. ಕಾರ್ಯದರ್ಶಿ ಪಟ್ಟ ಹೋದೀತೆಂಬ ಹೆದರಿಕೆ, ಬೇರೇನಲ್ಲ. ಹುಡುಗಿಗೆ, ಸದ್ಯ ವೆಬ್‌ಸೈಟಿನ ವಿಚಾರವೇ ನಿಂತಿದೆ ಎಂದು ಕಾಗಕ್ಕ ಗುಬ್ಬಕ್ಕನ ಕತೆ ಹೇಳಿದೆ. ಕಾಪಿ ಹೊಡೆದ ಮಕ್ಕಳನ್ನು ಕ್ಲಾಸಿನಿಂದ ಹೊರಗೆ ನಿಲ್ಲಿಸುತ್ತಿದ್ದ ಅಕ್ಕೋರು ನಾನು. ಥೂ.

ವೆಬ್‌ಸೈಟ್ ಬಂತು. ಬಿಸಿಲು, ಉಪ್ಪು, ಮರಳು ಎಲ್ಲವೂ ಅವಳು ಇಟ್ಟ ಜಾಗದಲ್ಲೇ ಇದ್ದವು, ಕೆಳಗೆ ಸೋದರಳಿಯನ ಹೆಸರು.

ಅದನ್ನು ನೋಡಿ ಹುಡುಗಿ ನನ್ನ ಮನೆಗೆ ಬಂದಳು. ಜಗಳಕ್ಕೆ ಬಂದಳೆಂದುಕೊಂಡೆ, ಹಾಗಿದ್ದರೆ ಚಲೋ ಇತ್ತು. ಗೋವಾದಲ್ಲಿ ಒಬ್ಬರು ಕೆಲಸ ಕೊಡುವ ಮೊದಲು ಹಿಂದೆ ಮಾಡಿದ್ದನ್ನು ಕೇಳಿದ್ದಾರೆ, ಈ ಪುಟಗಳನ್ನು ರೂಪಿಸಿದ್ದು ನಾನೆಂದು ಒಂದು ಪತ್ರ ಕೊಟ್ಟರೆ ಸಾಕು ಎಂದಳು. ಸಂಘದ ಕಾಗದ ತೆಗೆದು ಬರೆಯಲು ಕೂತೆ. ಇದು ಅಧ್ಯಕ್ಷೆಯ ಕಣ್ಣಿಗೆ ಬಿದ್ದರೆ ಎಂಬ ಯೋಚನೆ ಆಗಲೂ ಬಿಡಲಿಲ್ಲ. ವೆಬ್‌ಸೈಟಿನ ಕೆಲಸದಲ್ಲಿ ಇವಳು ನಮಗೆ ಸಹಾಯ ಮಾಡಿದ್ದಾಳೆ ಎಂದು ದುಂಡಗೆ ಬರೆದು ಸಹಿ ಹಾಕಿ ಕೊಟ್ಟೆ.

ಅವಳು ಎರಡು ಸಲ ಓದಿದಳು.

"ನಾ ಮಾಡಿದ್ದು ಸಹಾಯನಾ, ಅಕ್ಕೋರೆ?"

ಪತ್ರವನ್ನು ಮೇಜಿನ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋದಳು. ಒಂದು ಸಾಲು ತಿದ್ದಿ ಬರೆದರೆ ಮುಗಿಯಿತು. ಬಿಣಗಾಕ್ಕೆ ಬಸ್ಸುಗಳೂ ಬೇಕಾದಷ್ಟಿವೆ. ಎರಡು ತಿಂಗಳಾಯಿತು, ನಾನಿನ್ನೂ ಹೋಗಿಲ್ಲ.