ಒಂದೇ ಕಾಲಿನ ಚಪ್ಪಲಿ ಬಿಗಿಯಾದಾಗ

ಬಸ್ಸಿಳಿಯಲೆಂದು ಚಪ್ಪಲಿ ಹಾಕಿಕೊಳ್ಳುವಾಗ ಒಂದು ಕಾಲಿಗೆ ಸರಿ, ಇನ್ನೊಂದಕ್ಕೆ ಬಿಗಿ. ನಿಮಗೆ ಯಾವತ್ತಾದರೂ ಹೀಗಾಗಿದೆಯಾ? ಎರಡೂ ಕಾಲಿನ ಮಾತಲ್ಲ. ಒಂದೇ ಕಾಲು ಊದಿತ್ತಾ ಅಂತ ಕೇಳುತ್ತಿದ್ದೇನೆ.

ನನಗಾಯಿತು. ಮುಂಬಯಿಯಲ್ಲಿ ತಮ್ಮನ ಮಗಳ ಮದುವೆ ಮುಗಿಸಿ ನಮ್ಮೂರು ವಂಡ್ಸೆಗೆ ಬಸ್ಸಿನಲ್ಲಿ ವಾಪಸು ಬರುತ್ತಿದ್ದೆವು. ನನಗೆ ಕಿಟಕಿ ಸೀಟು, ಪಕ್ಕದಲ್ಲಿ ನಮ್ಮ ಯಜಮಾನರು. ಏಳಬೇಕೆಂದರೆ ಅವರನ್ನು ದಾಟಬೇಕು. ನನ್ನ ಗಾತ್ರದವಳು ದಾಟಿದರೆ ಆ ಸಪೂರ ಮನುಷ್ಯ ಉಳಿಯುವುದು ಕಷ್ಟ. ಹಾಗಾಗಿ ಏಳುವ ಪ್ರಮೇಯವೇ ಬೇಡ ಅಂತ ನೀರೂ ಕುಡಿಯಲಿಲ್ಲ. ಮದುವೆಯ ಲಾಡು ಮಾತ್ರ ಒಂದೊಂದೇ ಖಾಲಿಯಾಗುತ್ತ ಬಂತು.

ಮರುದಿನ ಎಡಗಾಲಿನ ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋವು. ನನ್ನ ಅತ್ತೆ ಕೂಡಲೇ ತೆಂಗಿನೆಣ್ಣೆ ಬಿಸಿ ಮಾಡಿದರು. ಉಳುಕಿರಲಿ, ಸೆಳೆತವಿರಲಿ, ಊರಿನವರು ಹುಡುಕಿಕೊಂಡು ಬರುವ ಕೈ ಅವರದ್ದು.

"ಕಾಲ್ ಚಾಚ್ ಹೆಣೆ. ಲಾಯ್ಕ್ ಮಾಡಿ ತಿಕ್ಕ್ರೆ ವಾತ ಎಲ್ಲ ಓಡ್ತ್."

"ಬ್ಯಾಡ ಅತ್ತಿ! ನೀವ್ ನನ್ ಕಾಲ್ ಹಿಡ್ದ್ರೆ ನಂಗ್ ನರಕವೇ ಗತಿ."

"ನಿನ್ ಅಳತಿಗ್ ನರಕದಗೆ ಜಾಗ ಸಾಕಾತ್ತಾ ಕಾಣ್ ಮೊದ್ಲ್," ಅಂದರು ಯಜಮಾನರು.

ಹಿರಿಯರ ಕಾಲು ನಾವು ಮುಟ್ಟಬೇಕೇ ಹೊರತು ಅವರಿಂದ ನಮ್ಮದು ಮುಟ್ಟಿಸಿಕೊಳ್ಳಬಾರದು. ಅಮ್ಮ ಕಲಿಸಿದ ಪಾಠ. ನಾನು ಕಾಲನ್ನು ಸೀರೆಯೊಳಗೆ ಎಳೆದುಕೊಂಡೆ. ಅತ್ತೆಗೆ ಸಿಟ್ಟು ಬಂತು.

"ಊರಿಗೆಲ್ಲ ಆಪ್ ಕೈ ಇವ್ಳಿಗ್ ಮಾತ್ರ ಆತಿಲ್ಲ. ಡಾಕ್ಟ್ರ್ ಹತ್ರವೇ ಕರ್ಕಂಡ್ ಹೋಗ್ ಮಗಾ. ನಾನೂ ಬತ್ತೆ. ನನ್ ಕೈಯಗೆ ಇಲ್ದಿದ್ದದ್ದ್ ಅವ್ರ ಕೈಯಗೆ ಎಂತ ಇತ್ತ್, ಕಾಂಬ!"

ಕುಂದಾಪುರದ ಡಾಕ್ಟರು ಕಾಲು ನೋಡಿದವರೇ ಕೇಳಿದ್ದು ಒಂದೇ: "ಯಾರಾದ್ರೂ ತಿಕ್ಕಿದ್ರಾ?"

ಸ್ಕ್ಯಾನಿನಲ್ಲಿ ಕಂಡದ್ದು ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ. ತಿಕ್ಕಿದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಕುತ್ತಾಗಬಹುದಿತ್ತಂತೆ. ಅತ್ತೆ ಮೆಲ್ಲಗೆ ಎರಡೂ ಕೈ ಸೆರಗಿನೊಳಗೆ ಸೇರಿಸಿಕೊಂಡರು.

ಡಾಕ್ಟರು ಹೇಳಿದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ನಾವು ಬೇಸಿಗೆಯಲ್ಲಿ ಗದ್ದೆ ಬದಿಯ ತೋಡಿಗೆ ಅಡ್ಡ ಮಣ್ಣಿನ ಕಟ್ಟ ಹಾಕಿ ನೀರು ನಿಲ್ಲಿಸುತ್ತೇವೆ, ಮಳೆಗೆ ಮೊದಲು ಬಿಡಿಸುತ್ತೇವೆ. ರಕ್ತದಲ್ಲೂ ಗಾಯವಾದಲ್ಲಿ ಕಟ್ಟ ಹಾಕುವವರು ಒಂದು ಗುಂಪು, ಕೆಲಸ ಮುಗಿದ ಮೇಲೆ ಬಿಡಿಸುವವರು ಇನ್ನೊಂದು. ಹೊಟ್ಟೆಯ ಬೊಜ್ಜು ಇದೆಯಲ್ಲ, ಅದು ನಾವಂದುಕೊಂಡಂತೆ ಸುಮ್ಮನೆ ಕೂತಿರುವುದಿಲ್ಲ. ಕಟ್ಟುವವರಿಗೆ ಹುರುಪು ಕೊಡುತ್ತದೆ, ಬಿಡಿಸುವವರನ್ನು ಸೋಮಾರಿ ಮಾಡುತ್ತದೆ. ರಕ್ತದಲ್ಲಿ ಕೊಬ್ಬು ಏರಿದರೆ ಅದರ ವೋಟೂ ಕಟ್ಟುವವರಿಗೇ. ಇಷ್ಟರ ಮೇಲೆ ನಾನು ಬಸ್ಸಿನಲ್ಲಿ ಬಂಡೆಯ ಹಾಗೆ ಕೂತು ಹರಿಯುವುದನ್ನೂ ನಿಲ್ಲಿಸಿದ್ದೆ.

"ಸಪೂರದವ್ರಿಗ್ ಇದೆಲ್ಲ ಬಪ್ಪುದಿಲ್ಲ ಅಲ್ದಾ ಡಾಕ್ಟ್ರೇ?" ಯಜಮಾನರ ಎದೆ ಅಷ್ಟಗಲವಾಗಿತ್ತು.

"ಬರೂದಿಲ್ಲ ಅಂತ ಯಾರು ಹೇಳಿದ್ದು? ನಿಮ್ ರಕ್ತವೂ ಕೊಡಿ, ಕೊಬ್ಬು ಎಷ್ಟಿದೆ ನೋಡುವ."

"ಹಂಗಾರೆ ಮೂರ್ನಾಕ್ ದಿನ ಬರೀ ಗಂಜಿ ಉಂಡ್ಕಂಡ್ ಬತ್ತೆ."

"ಗಂಜಿ ಉಂಡ ಹೊಟ್ಟೆ ನಂಗೆ ಬೇಡ. ದಿನಾ ಉಣ್ಣುವ ಹೊಟ್ಟೆ ತಕೊಂಡು ಬನ್ನಿ."

ಇಬ್ಬರ ರಿಪೋರ್ಟೂ ಬಂತು. ಕೊಬ್ಬಿನಲ್ಲಿ ಅವರೇ ನನಗಿಂತ ಮುಂದೆ! ಇಷ್ಟು ವರ್ಷ ನನ್ನನ್ನು ಹುಲ್ಲು ಸುತ್ತಿದ ದುಂಡು ಅಕ್ಕಿಮುಡಿ ಅಂತ ಕರೆದವರು ಅವತ್ತು ತಮ್ಮ ರಿಪೋರ್ಟನ್ನು ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿ ಅಡಗಿಸಿದರು. ಅದನ್ನು ನೋಡುವ ಸುಖಕ್ಕೆ ಇನ್ನೊಂದು ಸಲ ಸೂಜಿ ಚುಚ್ಚಿಸಿಕೊಳ್ಳಲೂ ನಾನು ತಯಾರು.

ಈಗ ಕಾಲು ಗುಣವಾಗಿದೆ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯನ್ನು ಡಾಕ್ಟರು ಹೇಳಿದಷ್ಟು ದಿನ ನುಂಗುತ್ತೇನೆ, ತೂಕವೂ ಮೆಲ್ಲಗೆ ಇಳಿಯುತ್ತಿದೆ. ಕೊಬ್ಬಿನಿಂದ ಕೆಟ್ಟವಳು ಪಾಪದ ಹೆದರಿಕೆಯಿಂದ ಉಳಿದೆ. ಆದರೆ ಎಲ್ಲರ ಮನೆಯಲ್ಲೂ ಅಂಥ ಹೆದರಿಕೆ ಇರುವುದಿಲ್ಲ, ಎಣ್ಣೆ ಮಾತ್ರ ಎಲ್ಲರ ಮನೆಯಲ್ಲೂ ಇರುತ್ತದೆ. ಒಂದೇ ಕಾಲು ಊದಿದರೆ ಎಣ್ಣೆ ಕೆಳಗಿಡಿ, ಡಾಕ್ಟರ ಹತ್ತಿರ ಹೋಗಿ.

ಅತ್ತೆ ಊದಿದ ಕಾಲಿಗೆ ಈಗ ಕೈ ಹಾಕುವುದಿಲ್ಲ. ಬದಲಿಗೆ ಸಂಜೆಯಾದರೆ ನನ್ನ ಮುಂದೆ ಬಂದು ನಿಲ್ಲುತ್ತಾರೆ: "ಹ್ವಾಯ್, ಕೂತದ್ದ್ ಸಾಕ್. ಏಳ್ತ್ಯಾ, ಕಾಲ್ ಹಿಡೀಕಾ?" ಕಾಲು ಹಿಡಿಯುತ್ತೇನೆ ಅಂದ ಕೂಡಲೇ ನಾನು ಎದ್ದು ನಿಂತಿರುತ್ತೇನೆ.

ನಿಮ್ಮ ಮನೆಯಲ್ಲಿ ಊದಿದ ಕಾಲಿಗೆ ಎಣ್ಣೆ ಹಿಡಿದು ಬಂದವರು ಯಾರು, ತಡೆದವರು ಯಾರು? ಕೆಳಗೆ ಬರೆಯಿರಿ. ಗದ್ದೆಯಂಚಿನಲ್ಲಿ ನಡೆಯುತ್ತ ಅತ್ತೆಗೆ ಎಲ್ಲ ಓದಿ ಹೇಳುತ್ತೇನೆ. ನೀವು ಉದ್ದ ಬರೆದಷ್ಟೂ ನಮ್ಮ ನಡಿಗೆ ಉದ್ದ.